ರಿಸೀವರ್‌ನಲ್ಲಿ ವಾಲ್ಯೂಮ್ ಮೈನಸ್ 30 ಅಂತ ಬಂದರೆ ಏನರ್ಥ?

ಹೊಸದಾಗಿ ಎವಿ ರಿಸೀವರ್ (ಟಿವಿ, ಪ್ಲೇಯರ್‌ಗಳ ಸದ್ದನ್ನು ತೆಗೆದುಕೊಂಡು ಸ್ಪೀಕರ್‌ಗಳಿಗೆ ಕೊಡುವ ಪೆಟ್ಟಿಗೆ) ಮನೆಗೆ ತಂದವರು ಮೊದಲ ದಿನವೇ ತಬ್ಬಿಬ್ಬಾಗುವುದು ಇಲ್ಲಿ. ಟಿವಿ ರಿಮೋಟ್ ಒತ್ತಿ ಒತ್ತಿ ನಮಗೆ ಒಂದು ಲೆಕ್ಕ ರೂಢಿಯಾಗಿರುತ್ತದೆ: ಸೊನ್ನೆ ಅಂದರೆ ಸದ್ದೇ ಇಲ್ಲ, 100 ಅಂದರೆ ಪೂರ್ತಿ. ರಿಸೀವರ್ ಆನ್ ಮಾಡಿದರೆ ಮುಂದಿನ ಪಟ್ಟಿಯಲ್ಲಿ ಮೈನಸ್ 45 ಡಿಬಿ, ಅಂದರೆ ಡೆಸಿಬಲ್, ಅಂತ ಬರುತ್ತದೆ. ಗುಂಡಿಯನ್ನು ಬಲಕ್ಕೆ ತಿರುಗಿಸಿದರೆ ಮೈನಸ್ 40, ಮೈನಸ್ 35, ಮೈನಸ್ 30. ಅಂಕಿ ಇಳಿಯುತ್ತಾ ಹೋಗುತ್ತದೆ, ಸದ್ದು ಏರುತ್ತಾ ಹೋಗುತ್ತದೆ. ಸೊನ್ನೆ ಹತ್ತಿರ ಬಂದರೆ ಕಿಟಕಿ ಗಾಜು ಅದುರುತ್ತದೆ. ಅದಾದ ಮೇಲೂ ಡೆನಾನ್, ಮರಾಂಟ್ಜ್ ಮಾಡೆಲ್‌ಗಳಲ್ಲಿ ಪ್ಲಸ್ 18 ತನಕ ಜಾಗ ಉಳಿದಿರುತ್ತದೆ. ಇದೆಂಥ ಲೆಕ್ಕ ಅಂತ ಅನ್ನಿಸುವುದು ಸಹಜ.

ಈ ಅಂಕಿ ನಿಮ್ಮ ಕೋಣೆಯಲ್ಲಿ ಎಷ್ಟು ಸದ್ದಿದೆ ಅಂತ ಹೇಳುತ್ತಿಲ್ಲ. ರಿಸೀವರ್ ಒಳಗೆ ಒಂದು ಗುರುತು ಇದೆ, ನೀವು ಆ ಗುರುತಿಗಿಂತ ಎಷ್ಟು ಕೆಳಗಿದ್ದೀರಿ ಅಂತ ಹೇಳುತ್ತಿದೆ, ಅಷ್ಟೇ. ಊರಲ್ಲಿ ಬಾವಿ ನೀರಿನ ಬಗ್ಗೆ ಕೇಳಿದರೆ "ಇಪ್ಪತ್ತು ಅಡಿ ಕೆಳಗಿದೆ" ಅನ್ನುತ್ತಾರೆ ಅಲ್ವಾ? ಮಳೆಗಾಲ ಮುಗಿಯುವ ಹೊತ್ತಿಗೆ ಅದು ಐದು ಅಡಿಗೆ ಬಂದಿರುತ್ತದೆ. ಅಂಕಿ ಚಿಕ್ಕದಾಯಿತು, ನೀರು ಜಾಸ್ತಿಯಾಯಿತು, ಯಾಕಂದರೆ ಅಳೆಯುತ್ತಿರುವುದು ಮೇಲಿನ ದಡದಿಂದ. ರಿಸೀವರ್‌ನ 0 ಡಿಬಿಯೂ ಹಾಗೇ ಒಂದು ದಡ. ಆ ದಡ ಎಲ್ಲಿದೆ, ಅದನ್ನು ಯಾರು ಹಾಕಿದರು, ನಿಮ್ಮ ಮನೆಯಲ್ಲಿ ಅದು ಸರಿಯಾದ ಜಾಗದಲ್ಲಿದೆಯಾ? ಇಷ್ಟು ಗೊತ್ತಾದರೆ ಆಮೇಲೆ ಆ ಅಂಕಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ.

ಡೆಸಿಬಲ್ ಹುಟ್ಟಿದ್ದೇ "ಎಷ್ಟು ಕಳೆದುಹೋಯಿತು" ಅಂತ ಅಳೆಯುವುದಕ್ಕೆ. ಅಮೆರಿಕದ ಬೆಲ್ ಟೆಲಿಫೋನ್ ಎಂಜಿನಿಯರ್‌ಗಳು 1920ರ ದಶಕದಲ್ಲಿ, ಉದ್ದದ ಫೋನ್ ತಂತಿಯಲ್ಲಿ ದನಿ ಎಷ್ಟು ಸೊರಗುತ್ತದೆ ಅಂತ ಲೆಕ್ಕ ಹಾಕಲು ಒಂದು ಅಳತೆ ಮಾಡಿಕೊಂಡರು. 1928ರಲ್ಲಿ ಅದಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಹೆಸರಿನಿಂದ ಡೆಸಿಬಲ್ ಅಂತ ಹೆಸರಾಯಿತು. ಹಾಗಾಗಿ ಡೆಸಿಬಲ್ ಯಾವಾಗಲೂ ಎರಡನ್ನು ಹೋಲಿಸಿ ಹೇಳುವ ಅಳತೆ. ಬರೀ "30 ಡಿಬಿ" ಅಂದರೆ ಅರ್ಧ ಮಾತು, ಯಾವುದಕ್ಕಿಂತ 30 ಅಂತಲೂ ಹೇಳಬೇಕು. ಪೇಪರ್‌ನಲ್ಲಿ "ರಸ್ತೆಯಲ್ಲಿ 80 ಡೆಸಿಬಲ್ ಶಬ್ದ" ಅಂತ ಬರೆದಾಗ ಅದು ಕಿವಿಗೆ ಕೇಳಿಸುವ ಅತಿ ಸಣ್ಣ ಸದ್ದಿಗೆ ಹೋಲಿಸಿದ ಲೆಕ್ಕ. ಅಲ್ಲಿ ಸೊನ್ನೆ ಅಂದರೆ ಹೆಚ್ಚುಕಮ್ಮಿ ನಿಶ್ಶಬ್ದ. ರಿಸೀವರ್‌ನಲ್ಲಿ ಹೋಲಿಕೆ ಮೇಲಿನ ಗುರುತಿನ ಜೊತೆ. ಎರಡಕ್ಕೂ ಡಿಬಿ ಅಂತಲೇ ಬರೆಯುತ್ತಾರೆ, ಅದಕ್ಕೇ ಗೊಂದಲ.

ಮೂರು ಅಂಕಿ ನೆನಪಿಟ್ಟುಕೊಳ್ಳಿ

ಲಾಗರಿದಂ ಬೇಡ. 1, 3, 10 ಇಷ್ಟು ಸಾಕು.

1 ಡಿಬಿ ಏರಿಸಿದರೆ ಗಮನ ಇಟ್ಟು ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ. 3 ಡಿಬಿ ಏರಿಸಿದರೆ ಸ್ಪೀಕರ್‌ಗೆ ಹೋಗುವ ಪವರ್ ಎರಡರಷ್ಟಾಗುತ್ತದೆ, ಆದರೆ ಕಿವಿಗೆ "ಸ್ವಲ್ಪ ಜಾಸ್ತಿಯಾಯಿತು" ಅನ್ನಿಸುತ್ತದೆ, ಅಷ್ಟೇ. 10 ಡಿಬಿ ಏರಿಸಿದರೆ ಪವರ್ ಹತ್ತರಷ್ಟು, ಕಿವಿಗೆ ಸುಮಾರು ಎರಡರಷ್ಟು ಸದ್ದು. ಈ ಕೊನೆಯದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ. ಮೈನಸ್ 30ರಿಂದ ಮೈನಸ್ 20ಕ್ಕೆ ಹೋದರೆ ಸದ್ದು ಎರಡರಷ್ಟು, ಮೈನಸ್ 10ಕ್ಕೆ ಹೋದರೆ ನಾಲ್ಕರಷ್ಟು ಅನ್ನಿಸುತ್ತದೆ. ಆಂಪ್ಲಿಫೈಯರ್ ಮಾತ್ರ ಅಷ್ಟರಲ್ಲಿ ನೂರರಷ್ಟು ಪವರ್ ಕೊಡುತ್ತಿರುತ್ತದೆ.

ಉದಾಹರಣೆಗೆ ನಿಮ್ಮ ಮನೆಯಲ್ಲಿ 0 ಡಿಬಿಗೆ ಇಟ್ಟಾಗ, ಅಬ್ಬರದ ದೃಶ್ಯವೊಂದರಲ್ಲಿ ಒಂದು ಸ್ಪೀಕರ್ 100 ವ್ಯಾಟ್ ಕೇಳುತ್ತದೆ ಅಂದುಕೊಳ್ಳಿ. ಅದೇ ದೃಶ್ಯಕ್ಕೆ ಮೈನಸ್ 10ರಲ್ಲಿ ಬೇಕಾಗುವುದು 10 ವ್ಯಾಟ್. ಮೈನಸ್ 20ರಲ್ಲಿ 1 ವ್ಯಾಟ್. ಮೈನಸ್ 30ರಲ್ಲಿ ವ್ಯಾಟ್‌ನ ಹತ್ತನೇ ಒಂದು ಭಾಗ. ನಾವು ದಿನನಿತ್ಯ ಸಿನಿಮಾ ನೋಡುವಾಗ ರಿಸೀವರ್ ಹೆಚ್ಚಿನ ಹೊತ್ತು ಕೊಡುವುದು ಒಂದೆರಡು ವ್ಯಾಟ್, ಕೆಲವೊಮ್ಮೆ ಅಷ್ಟೂ ಇಲ್ಲ. ಅಂಗಡಿಯಲ್ಲಿ 100 ವ್ಯಾಟ್ ರಿಸೀವರ್ ಬಿಟ್ಟು 150 ವ್ಯಾಟ್‌ದು ತೆಗೆದುಕೊಳ್ಳಿ, ಸೌಂಡ್ ಜಾಸ್ತಿ ಬರುತ್ತದೆ ಅಂದರೆ ಈ ಲೆಕ್ಕ ನೆನಪಿಸಿಕೊಳ್ಳಿ. ಆ ಎರಡರ ನಡುವೆ ಇರುವ ವ್ಯತ್ಯಾಸ ಎರಡು ಡಿಬಿಯೂ ಅಲ್ಲ. ಅದಕ್ಕಾಗಿ ಸಾವಿರಾರು ರೂಪಾಯಿ ಜಾಸ್ತಿ ಕೊಡುವ ಬದಲು ಆ ದುಡ್ಡನ್ನು ಸ್ಪೀಕರ್‌ಗೆ ಹಾಕಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೈನಸ್ ಅಂಕಿ ಇಷ್ಟವಿಲ್ಲದಿದ್ದರೆ ಬದಲಾಯಿಸಬಹುದು. ಡೆನಾನ್, ಮರಾಂಟ್ಜ್‌ಗಳಲ್ಲಿ ಸೆಟಪ್ ಮೆನುವಿನ ಆಡಿಯೋ ಭಾಗದಲ್ಲಿ ವಾಲ್ಯೂಮ್ ಅಂತ ಇದೆ, ಅದರೊಳಗೆ ಸ್ಕೇಲ್. ಅಲ್ಲಿ 0ರಿಂದ 98ರ ಲೆಕ್ಕ ಆರಿಸಿಕೊಂಡರೆ ಟಿವಿ ಥರ ಕಾಣುತ್ತದೆ. ಆಗ 80 ಅಂದರೆ ಹಳೆಯ 0 ಡಿಬಿ, 60 ಅಂದರೆ ಮೈನಸ್ 20, 50 ಅಂದರೆ ಮೈನಸ್ 30. ಯಮಹಾ, ಆಂಕ್ಯೊಗಳಲ್ಲೂ ಇಂಥ ಆಯ್ಕೆ ಹಲವು ಮಾಡೆಲ್‌ಗಳಲ್ಲಿದೆ, ಆದರೆ ಯಾವ ಅಂಕಿ ಸೊನ್ನೆ ಡಿಬಿಗೆ ಸಮ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಮ್ಯಾನುಯಲ್ ನೋಡಿ. ಇಲ್ಲಿ ಒಂದು ಎಚ್ಚರಿಕೆ: ಸ್ಕೇಲ್ ಬದಲಾದರೂ ಒಳಗಿನ ಹೆಜ್ಜೆ ಡಿಬಿಯೇ. ಹಾಗಾಗಿ "50ಕ್ಕೆ ಇಟ್ಟಿದ್ದೇನೆ, ಇನ್ನೂ ಅರ್ಧ ಬಾಕಿ ಇದೆ" ಅಂದುಕೊಳ್ಳಬೇಡಿ. 50ರಿಂದ 80ಕ್ಕೆ ಹೋದರೆ ಪವರ್ ಸಾವಿರ ಪಟ್ಟು. ಇದೇ ಕಾರಣಕ್ಕೆ ನಾನು ಹೇಳುವುದು ಮೈನಸ್ ಲೆಕ್ಕವನ್ನೇ ಇಟ್ಟುಕೊಳ್ಳಿ ಅಂತ. ಶುರುವಿನಲ್ಲಿ ವಿಚಿತ್ರ ಅನ್ನಿಸಿದರೂ ಅದು ದಡಕ್ಕೆ ಎಷ್ಟು ಹತ್ತಿರ ಬಂದಿದ್ದೀರಿ ಅಂತ ನೇರವಾಗಿ ತೋರಿಸುತ್ತದೆ.

ಆ ಸೊನ್ನೆ ಬಂದಿದ್ದು ಥಿಯೇಟರ್‌ನಿಂದ

ಸಿನಿಮಾ ಸೌಂಡ್ ಮಿಕ್ಸ್ ಮಾಡುವ ಸ್ಟುಡಿಯೋಗೂ ಅದನ್ನು ತೋರಿಸುವ ಥಿಯೇಟರ್‌ಗೂ ಒಂದೇ ಮಟ್ಟ ಇರಲಿ ಅಂತ ಸಿನಿಮಾ ಉದ್ಯಮ ಒಂದು ನಿಯಮ ಇಟ್ಟುಕೊಂಡಿದೆ. ಡಿಜಿಟಲ್ ಸೌಂಡ್‌ನಲ್ಲಿ ದಾಖಲಿಸಬಹುದಾದ ಗರಿಷ್ಠ ಮಟ್ಟಕ್ಕಿಂತ 20 ಡಿಬಿ ಕೆಳಗೆ ಒಂದು ಪಿಂಕ್ ನಾಯ್ಸ್ ಹಾಕುತ್ತಾರೆ. ಪಿಂಕ್ ನಾಯ್ಸ್ ಅಂದರೆ ಜಲಪಾತದ ಸದ್ದಿನಂಥ ಒಂದು ಪರೀಕ್ಷೆ ಸದ್ದು. ಪರದೆಯ ಹಿಂದಿನ ಒಂದೊಂದು ಸ್ಪೀಕರ್‌ನಿಂದ ಅದು ಕೂರುವ ಜಾಗಕ್ಕೆ 85 ಡಿಬಿ ಬರುವಂತೆ ಸಿಸ್ಟಮ್ ಹೊಂದಿಸುತ್ತಾರೆ. ಅಲ್ಲಿಂದ ಮೇಲೆ ಇನ್ನೂ 20 ಡಿಬಿ ಜಾಗ ಇದೆ, ಹಾಗಾಗಿ ಒಂದು ಸ್ಪೀಕರ್ ಕೊಡಬಹುದಾದ ಅತಿ ಜೋರಾದ ಸದ್ದು 105 ಡಿಬಿ. ಬರೀ ಗುಡುಗು, ಸ್ಫೋಟದಂಥ ಆಳದ ಸದ್ದಿಗೆ ಮೀಸಲಾದ ಎಲ್‌ಎಫ್‌ಇ ಚಾನೆಲ್‌ಗೆ ಇನ್ನೂ 10 ಸೇರಿ 115. ಇದನ್ನೇ ರೆಫರೆನ್ಸ್ ಲೆವೆಲ್ ಅನ್ನುವುದು. ಸರಿಯಾಗಿ ಕ್ಯಾಲಿಬ್ರೇಟ್ ಮಾಡಿದ, ಅಂದರೆ ಅಳೆದು ಹೊಂದಿಸಿದ, ಹೋಂ ಥಿಯೇಟರ್‌ನಲ್ಲಿ 0 ಡಿಬಿ ಅಂದರೆ ಈ ಮಟ್ಟ.

ಈಗ ನಿಮ್ಮ ಅಂಕಿಯನ್ನು ಓದಿ ನೋಡಿ. ಮೈನಸ್ 20ಕ್ಕೆ ಇಟ್ಟಿದ್ದೀರಿ ಅಂದರೆ ಆ 85 ನಿಮ್ಮ ಸೋಫಾದಲ್ಲಿ 65 ಆಗಿದೆ, 105 ಬರಬೇಕಾದ ಸ್ಫೋಟ 85 ಆಗಿದೆ. ಮೈನಸ್ 10 ಅಂದರೆ 75 ಮತ್ತು 95. ನಮ್ಮ ಹಾಲ್‌ಗಳು ಥಿಯೇಟರ್‌ನಷ್ಟು ದೊಡ್ಡವಲ್ಲ, ಗೋಡೆ ಹತ್ತಿರ ಇರುತ್ತದೆ, ಟೈಲ್ಸ್ ನೆಲ ಸದ್ದನ್ನೆಲ್ಲ ವಾಪಸ್ ಎಸೆಯುತ್ತದೆ, ಹಾಗಾಗಿ ಅದೇ 105 ಮನೆಯಲ್ಲಿ ಥಿಯೇಟರ್‌ಗಿಂತ ಜೋರು ಅನ್ನಿಸುತ್ತದೆ. ಸಿನಿಮಾಗೆ ಮೈನಸ್ 25ರಿಂದ ಮೈನಸ್ 15ರ ನಡುವೆ ಕೇಳುವುದು ತುಂಬಾ ಸಾಮಾನ್ಯ. ಅದಕ್ಕಿಂತ ಮೇಲೆ ಹೋಗದಿದ್ದರೆ ನಿಮ್ಮ ರಿಸೀವರ್‌ಗೆ ಶಕ್ತಿ ಇಲ್ಲ ಅಂತ ಅಲ್ಲ. "ನಾನು ಮೈನಸ್ 5ರಲ್ಲಿ ನೋಡುತ್ತೇನೆ" ಅಂತ ಯಾರಾದರೂ ಹೇಳಿದರೆ ಅವರ ಸಿಸ್ಟಮ್ ನಿಮ್ಮದಕ್ಕಿಂತ ದೊಡ್ಡದು ಅಂತಲೂ ಅಲ್ಲ. ಅವರು ಕ್ಯಾಲಿಬ್ರೇಟ್ ಮಾಡದಿದ್ದರೆ ಆ ಮೈನಸ್ 5ಕ್ಕೆ ಯಾವ ಅರ್ಥವೂ ಇಲ್ಲ.

ಯಾಕಂದರೆ ಡಬ್ಬದಿಂದ ತೆಗೆದು ತಂತಿ ಸಿಕ್ಕಿಸಿದಾಗ ರಿಸೀವರ್‌ಗೆ ನಿಮ್ಮ ಸ್ಪೀಕರ್ ಎಂಥದ್ದು, ಕೋಣೆ ಎಷ್ಟು ದೊಡ್ಡದು, ನೀವು ಎಷ್ಟು ದೂರ ಕೂರುತ್ತೀರಿ, ಏನೂ ಗೊತ್ತಿರುವುದಿಲ್ಲ. ಆಗಿನ 0 ಡಿಬಿ ಬರೀ ಒಂದು ಗೆರೆ. ಅದೇ ಪವರ್‌ಗೆ ಒಂದು ಸ್ಪೀಕರ್ 84 ಡಿಬಿ ಕೊಟ್ಟರೆ ಇನ್ನೊಂದು 94 ಕೊಡುತ್ತದೆ. ಗೆರೆ ಒಂದೇ, ಸದ್ದು ಎರಡು ಪಟ್ಟು ಬೇರೆ.

ಗೆರೆಯನ್ನು ಜಾಗಕ್ಕೆ ತರುವುದು

ರಿಸೀವರ್ ಜೊತೆ ಒಂದು ಪುಟ್ಟ ಮೈಕ್ ಬಂದಿರುತ್ತದೆ, ಎಷ್ಟೋ ಮನೆಗಳಲ್ಲಿ ಅದು ಡಬ್ಬದಲ್ಲೇ ಉಳಿದಿರುತ್ತದೆ. ದಯವಿಟ್ಟು ಹೊರಗೆ ತೆಗೆಯಿರಿ. ಡೆನಾನ್, ಮರಾಂಟ್ಜ್‌ನಲ್ಲಿ ಆಡಿಸಿ, ಯಮಹಾದಲ್ಲಿ ವೈಪಾವೊ, ಪಯೋನಿಯರ್‌ನಲ್ಲಿ ಎಂಸಿಎಸಿಸಿ, ಹೆಸರು ಬೇರೆ ಬೇರೆ, ಕೆಲಸ ಒಂದೇ. ಒಂದೊಂದೇ ಸ್ಪೀಕರ್‌ನಿಂದ ಸದ್ದು ಹೊರಡಿಸಿ, ಅದು ಮೈಕ್‌ಗೆ ಎಷ್ಟು ಜೋರಾಗಿ, ಎಷ್ಟು ತಡವಾಗಿ ಬಂತು ಅಂತ ಅಳೆದು, ಎಲ್ಲವನ್ನೂ ಸಮ ಮಾಡುವುದು.

ಮೈಕ್ ಅನ್ನು ಟ್ರೈಪಾಡ್ ಮೇಲೆ ಇಡಿ, ನೀವು ಕೂತಾಗ ಕಿವಿ ಎಲ್ಲಿರುತ್ತದೋ ಆ ಎತ್ತರಕ್ಕೆ. ಕೈಯಲ್ಲಿ ಹಿಡಿದುಕೊಳ್ಳಬೇಡಿ, ಸೋಫಾದ ದಿಂಬಿನ ಮೇಲೂ ಬೇಡ. ಫ್ಯಾನ್ ಆಫ್ ಮಾಡಿ, ಎಸಿ ಆಫ್ ಮಾಡಿ, ಕಿಟಕಿ ಮುಚ್ಚಿ. ಅಡುಗೆಮನೆಯಲ್ಲಿ ಮಿಕ್ಸಿ, ಕುಕ್ಕರ್ ನಡೆಯುತ್ತಿದ್ದರೆ ಮುಗಿಯುವ ತನಕ ಕಾಯಿರಿ. ಬೆಳಗ್ಗೆ ಬೇಗ ಅಥವಾ ಮಧ್ಯಾಹ್ನ ಬೀದಿ ಸುಮ್ಮನಿರುವ ಹೊತ್ತು ನೋಡಿ ಮಾಡಿದರೆ ಒಳ್ಳೆಯದು. ಶುರು ಮಾಡುವ ಮೊದಲು ಸಬ್‌ವೂಫರ್ (ಆಳದ ಸದ್ದಿಗೆಂದೇ ಇರುವ ಸ್ಪೀಕರ್) ಹಿಂದಿನ ಗುಂಡಿಯನ್ನು ಸುಮಾರು ಅರ್ಧಕ್ಕೆ ಇಡಿ. ಆಡಿಸಿಯ ಬಹಳ ಮಾಡೆಲ್‌ಗಳು ಮೊದಲಿಗೇ ಸಬ್ ಲೆವೆಲ್ 75 ಡಿಬಿ ಹತ್ತಿರ ತನ್ನಿ ಅಂತ ಪರದೆಯಲ್ಲಿ ಕೇಳುತ್ತವೆ, ಆಗ ಆ ಗುಂಡಿಯನ್ನೇ ತಿರುಗಿಸಿ ಹೊಂದಿಸಬೇಕು. ಆಮೇಲೆ ಮೈಕ್ ಜಾಗ ಬದಲಾಯಿಸುತ್ತಾ ಅದು ಹೇಳಿದಷ್ಟು ಸಲ ಅಳೆಯಿರಿ, ಮೊದಲನೆಯದಕ್ಕೇ ನಿಲ್ಲಿಸಬೇಡಿ. ಮೊದಲ ಜಾಗ ಮಾತ್ರ ನೀವು ಯಾವಾಗಲೂ ಕೂರುವ ಜಾಗವೇ ಆಗಿರಲಿ, ದೂರ ಮತ್ತು ಲೆವೆಲ್ ಲೆಕ್ಕ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ.

ಮುಗಿದ ಮೇಲೆ ಮೆನುವಿನಲ್ಲಿ ಸ್ಪೀಕರ್ ಲೆವೆಲ್ಸ್ ತೆರೆದು ನೋಡಿ. ಎಡ ಮೈನಸ್ 3.5, ಬಲ ಮೈನಸ್ 3, ಸೆಂಟರ್ ಮೈನಸ್ 2, ಹಿಂದಿನವು ಪ್ಲಸ್ 1, ಹೀಗೆ ಏನೋ ಇರುತ್ತದೆ. ಇವೂ ಡಿಬಿಯೇ, ಆದರೆ ಮಾಸ್ಟರ್ ವಾಲ್ಯೂಮ್‌ನ ಡಿಬಿ ಜೊತೆ ಬೆರೆಸಿಕೊಳ್ಳಬೇಡಿ. ಒಂದೊಂದು ಸ್ಪೀಕರ್ ಅನ್ನು ಎಷ್ಟು ಎಳೆದು ಅಥವಾ ತಗ್ಗಿಸಿ ಎಲ್ಲ ಒಂದೇ ಮಟ್ಟಕ್ಕೆ ತಂದೆ ಅನ್ನುವುದರ ಲೆಕ್ಕ ಅದು. ಮೈನಸ್ ಬಂದರೆ ಆ ಸ್ಪೀಕರ್ ಕೆಟ್ಟದ್ದಲ್ಲ, ಅದು ಕಡಿಮೆ ಪವರ್‌ಗೇ ಜೋರಾಗಿ ಕೂಗುತ್ತದೆ ಅಥವಾ ನಿಮಗೆ ಹತ್ತಿರ ಇದೆ ಅಂತ ಅರ್ಥ. ಒಂದೇ ಒಂದು ಕಡೆ ಅನುಮಾನ ಪಡಬೇಕು: ಸಬ್‌ವೂಫರ್ ಮೈನಸ್ 12ಕ್ಕೆ ಹೋಗಿ ನಿಂತಿದ್ದರೆ. ಡೆನಾನ್‌ನಲ್ಲಿ ಅದು ಕೊನೆಯ ಮಿತಿ, ಅಂದರೆ ಇನ್ನೂ ಕಡಿಮೆ ಮಾಡಬೇಕಿತ್ತು, ಆಗಲಿಲ್ಲ. ಸಬ್ ಹಿಂದಿನ ಗುಂಡಿ ಇಳಿಸಿ ಮತ್ತೆ ಅಳೆಯಿರಿ.

ಆಡಿಸಿ ಮಾಡಿದ ಮೇಲೆ 0 ಡಿಬಿ ಸಿನಿಮಾ ರೆಫರೆನ್ಸ್‌ಗೆ ಸಾಕಷ್ಟು ಹತ್ತಿರ ಬರುತ್ತದೆ. ಎಲ್ಲ ಸಿಸ್ಟಮ್‌ಗಳೂ ಹಾಗೆ ಮಾಡುತ್ತವೆ ಅಂತ ನಂಬಬೇಡಿ, ಕೆಲವು ಸ್ಪೀಕರ್‌ಗಳ ನಡುವೆ ಸಮ ಮಾಡಿ ಸುಮ್ಮನಾಗುತ್ತವೆ. ಪರೀಕ್ಷಿಸುವುದು ಕಷ್ಟವಲ್ಲ. ರಿಸೀವರ್ ಒಳಗೇ ಟೆಸ್ಟ್ ಟೋನ್ ಇದೆ, ಸಾಮಾನ್ಯವಾಗಿ ಅದು 0 ಡಿಬಿಯಲ್ಲಿ ಸೋಫಾ ಹತ್ತಿರ 75 ತೋರಿಸಬೇಕು. 85 ಕಿವಿಗೆ ಕಷ್ಟ ಅಂತ ಮನೆಯ ಟೋನ್‌ಗಳನ್ನು 10 ಡಿಬಿ ಕೆಳಗೆ ಮಾಡಿರುತ್ತಾರೆ. ಕೆಲವು ಮಾಡೆಲ್‌ಗಳಲ್ಲಿ ಮಾಸ್ಟರ್ ವಾಲ್ಯೂಮ್ ಎಲ್ಲಿದ್ದರೂ ಟೋನ್ ಒಂದೇ ಮಟ್ಟದಲ್ಲಿ ಬರುತ್ತದೆ, ಕೆಲವುದರಲ್ಲಿ ಗುಂಡಿ ಜೊತೆ ಏರಿಳಿಯುತ್ತದೆ. ಎರಡನೆಯ ಥರದ್ದಾದರೆ ಮೆಲ್ಲಗೆ ಏರಿಸುತ್ತಾ 0ಗೆ ತನ್ನಿ, ಒಮ್ಮೆಲೇ ಬೇಡ.

ಅಳೆಯಲು ಒಂದು ಎಸ್‌ಪಿಎಲ್ ಮೀಟರ್, ಅಂದರೆ ಸದ್ದಿನ ಮಟ್ಟ ತೋರಿಸುವ ಮೀಟರ್, ಇದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಫೋನ್ ಆ್ಯಪ್. ಐಫೋನ್ ಇರುವವರಿಗೆ ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ನಿಯಾಶ್‌ನ ಎಸ್‌ಎಲ್‌ಎಂ ಆ್ಯಪ್ ಉಚಿತವಾಗಿ ಸಿಗುತ್ತದೆ, ನಂಬಬಹುದು. ಆಂಡ್ರಾಯ್ಡ್‌ನಲ್ಲಿ ಒಂದೊಂದು ಫೋನ್‌ನ ಮೈಕ್ ಒಂದೊಂದು ಥರ, ಹಾಗಾಗಿ 75 ಅಂತ ತೋರಿಸಿದ್ದು ನಿಜಕ್ಕೂ 70 ಇರಬಹುದು, 80 ಇರಬಹುದು. ಆದರೂ ಎಡ, ಬಲ, ಸೆಂಟರ್ ಒಂದೇ ಅಂಕಿ ತೋರಿಸುತ್ತಿವೆಯಾ ಅಂತ ಹೋಲಿಸುವುದಕ್ಕೆ ಅದೇ ಸಾಕು. ಸೆಟ್ಟಿಂಗ್‌ನಲ್ಲಿ ಎ ಬದಲು ಸಿ ವೇಟಿಂಗ್ (ಎ ಆಳದ ಸದ್ದನ್ನು ಬಹಳ ಕಡಿಮೆ ಲೆಕ್ಕ ಹಾಕುತ್ತದೆ), ಫಾಸ್ಟ್ ಬದಲು ಸ್ಲೋ ಆರಿಸಿ. ಸಬ್‌ವೂಫರ್ ವಿಷಯದಲ್ಲಿ ಮಾತ್ರ ಫೋನ್ ಮೈಕ್ ಮಾತು ಕೇಳಬೇಡಿ, ಆಳದ ಸದ್ದು ಅದಕ್ಕೆ ಸರಿಯಾಗಿ ಕೇಳಿಸುವುದಿಲ್ಲ.

ಒಂದೇ ಅಂಕಿ, ಆದರೂ ಸದ್ದು ಬೇರೆ ಬೇರೆ

ಇಷ್ಟೆಲ್ಲ ಮಾಡಿದ ಮೇಲೂ ಒಂದು ತಕರಾರು ಉಳಿಯುತ್ತದೆ. ಬ್ಲೂ-ರೇ ಮೈನಸ್ 18ರಲ್ಲಿ ಹಿತವಾಗಿತ್ತು, ಅದೇ ಮೈನಸ್ 18ರಲ್ಲಿ ಸ್ಪಾಟಿಫೈ ಹಾಕಿದರೆ ಮನೆಯವರೆಲ್ಲ ಎದ್ದು ಬರುತ್ತಾರೆ. ರಿಸೀವರ್ ಕೆಟ್ಟಿಲ್ಲ. ಒಳಗೆ ಬರುವ ಸದ್ದೇ ಬೇರೆ ಮಟ್ಟದಲ್ಲಿದೆ.

ಸಿನಿಮಾದಲ್ಲಿ ಮಾತು ಕೆಳಗೆ ಇರುತ್ತದೆ, ಸ್ಫೋಟಕ್ಕೆ ಮೇಲೆ ಜಾಗ ಬಿಟ್ಟಿರುತ್ತಾರೆ. ನೆಟ್‌ಫ್ಲಿಕ್ಸ್ ತನಗೆ ಬರುವ ಚಿತ್ರಗಳಲ್ಲಿ ಮಾತಿನ ಸರಾಸರಿ ಮಟ್ಟ ಗರಿಷ್ಠಕ್ಕಿಂತ 27 ಕೆಳಗಿರಬೇಕು ಅಂತ ಕೇಳುತ್ತದೆ. ಯುರೋಪಿನ ಟಿವಿ ಪ್ರಸಾರದ ನಿಯಮ ಮೈನಸ್ 23. ಸ್ಪಾಟಿಫೈ ಹಾಡುಗಳನ್ನು ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೈನಸ್ 14ಕ್ಕೆ ತಂದು ಕೊಡುತ್ತದೆ. ಈಗಿನ ಕೆಲವು ಸಿಡಿಗಳು ಅದಕ್ಕಿಂತಲೂ ಜೋರು. ನೆಟ್‌ಫ್ಲಿಕ್ಸ್‌ನ ಮಾತಿಗೂ ಸ್ಪಾಟಿಫೈ ಹಾಡಿಗೂ 13 ಡಿಬಿ ಅಂತರ ಅಂದರೆ ಕಿವಿಗೆ ಎರಡು ಪಟ್ಟಿಗಿಂತಲೂ ಜಾಸ್ತಿ. ಹಾಗಾಗಿ ಸಿನಿಮಾಗೆ ಮೈನಸ್ 18 ಹಿತವಾದರೆ ಹಾಡಿಗೆ ಮೈನಸ್ 30 ಹಿತವಾಗುವುದರಲ್ಲಿ ಆಶ್ಚರ್ಯವಿಲ್ಲ.

ಇದರ ಜೊತೆ ಡಾಲ್ಬಿಯದ್ದು ಇನ್ನೊಂದು ಲೆಕ್ಕ ಇದೆ, ಡಯಲಾಗ್ ನಾರ್ಮಲೈಸೇಷನ್ ಅಂತ. ಡಾಲ್ಬಿ ಟ್ರ್ಯಾಕ್ ಒಳಗೆ "ಈ ಚಿತ್ರದಲ್ಲಿ ಮಾತು ಈ ಮಟ್ಟದಲ್ಲಿದೆ" ಅಂತ ಒಂದು ಅಂಕಿ ಬರೆದಿರುತ್ತಾರೆ. ರಿಸೀವರ್ ಅದನ್ನು ಓದಿ ಮಾತು ಮೈನಸ್ 31ಕ್ಕೆ ಬರುವ ಹಾಗೆ ಒಟ್ಟು ಸದ್ದನ್ನು ಇಳಿಸುತ್ತದೆ. ಟ್ರ್ಯಾಕ್ ಮೈನಸ್ 27 ಅಂದರೆ 4 ಡಿಬಿ ಇಳಿಯಿತು. ಒಂದೇ ಡಿಸ್ಕ್‌ನಲ್ಲಿ ಡಾಲ್ಬಿ ಬಿಟ್ಟು ಇನ್ನೊಂದು ಕಂಪನಿಯ ಡಿಟಿಎಸ್ ಟ್ರ್ಯಾಕ್ ಹಾಕಿದಾಗ "ಡಿಟಿಎಸ್ ಎಷ್ಟು ಗಟ್ಟಿಯಾಗಿದೆ ನೋಡಿ" ಅಂತ ಅನ್ನಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ. ವಾಲ್ಯೂಮ್ 4 ಡಿಬಿ ಏರಿಸಿ ಹೋಲಿಸಿದರೆ ಆ ವ್ಯತ್ಯಾಸ ಬಹುಮಟ್ಟಿಗೆ ಹೋಗಿರುತ್ತದೆ.

ದಿನಬಳಕೆಗೆ ಮಾಡಬೇಕಾದದ್ದು ಇಷ್ಟು. ಸೆಟ್‌ಟಾಪ್ ಬಾಕ್ಸ್, ಫೋನ್, ಲ್ಯಾಪ್‌ಟಾಪ್, ಯಾವುದೇ ಇರಲಿ ಅದರ ವಾಲ್ಯೂಮ್ ಪೂರ್ತಿ ಇಟ್ಟುಬಿಡಿ, ಏರಿಸುವುದು ಇಳಿಸುವುದು ರಿಸೀವರ್‌ನಲ್ಲಿ ಮಾತ್ರ. ಎರಡು ಕಡೆ ಗುಂಡಿ ಇದ್ದರೆ ರಿಸೀವರ್‌ನ ಅಂಕಿಗೆ ಅರ್ಥವೇ ಉಳಿಯುವುದಿಲ್ಲ. ಆಮೇಲೆ ಇನ್‌ಪುಟ್ ಸೆಟ್ಟಿಂಗ್‌ನಲ್ಲಿ ಸೋರ್ಸ್ ಲೆವೆಲ್ ಅಂತ ಇರುತ್ತದೆ, ಅಲ್ಲಿ ಜೋರಾದ ಇನ್‌ಪುಟ್ ಅನ್ನು 5, 6 ಡಿಬಿ ಇಳಿಸಿಡಿ. ಸಿನಿಮಾದಿಂದ ಡಿಟಿಎಚ್‌ಗೆ ಬದಲಾಯಿಸಿದಾಗ ಬೆಚ್ಚಿಬೀಳುವುದು ತಪ್ಪುತ್ತದೆ.

ಎಲ್ಲಿ ತನಕ ಏರಿಸಬಹುದು?

ಇದಕ್ಕೆ ಒಂದೇ ಅಂಕಿ ಉತ್ತರವಾಗಿ ಕೊಡುವವರನ್ನು ನಂಬಬೇಡಿ. ಮಿತಿ ಇರುವುದು ಸ್ಪೀಕರ್, ಆಂಪ್ಲಿಫೈಯರ್ ಮತ್ತು ದೂರದಲ್ಲಿ. ಒಂದು ಲೆಕ್ಕ ಹಾಕೋಣ. ನಿಮ್ಮ ಸ್ಪೀಕರ್‌ನ ಕಾಗದದಲ್ಲಿ ಸೆನ್ಸಿಟಿವಿಟಿ 87 ಡಿಬಿ ಅಂತ ಇದೆ, ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 87. ನೀವು ಸುಮಾರು 3 ಮೀಟರ್ ದೂರ ಕೂರುತ್ತೀರಿ. ಬಯಲಿನಲ್ಲಾದರೆ ಅಷ್ಟು ದೂರಕ್ಕೆ 9ರಿಂದ 10 ಡಿಬಿ ಕಳೆದುಹೋಗುತ್ತಿತ್ತು, ಕೋಣೆಯೊಳಗೆ ಗೋಡೆಯ ನೆರವಿರುವುದರಿಂದ 6 ಅಂತ ಇಟ್ಟುಕೊಳ್ಳೋಣ. ಮೈನಸ್ 10ರಲ್ಲಿ 95 ಡಿಬಿಯ ಸ್ಫೋಟ ಸೋಫಾಗೆ ತಲುಪಬೇಕಾದರೆ ಸ್ಪೀಕರ್ ಮುಂದೆ 101 ಬೇಕು, 87ಕ್ಕಿಂತ 14 ಜಾಸ್ತಿ, ಅಂದರೆ 25 ವ್ಯಾಟ್. ಯಾವ ಒಳ್ಳೆಯ ರಿಸೀವರ್ ಆದರೂ ಕೊಡುತ್ತದೆ. ಅದೇ 0 ಡಿಬಿಗೆ ಹೋದರೆ ಬೇಕಾಗುವುದು 250 ವ್ಯಾಟ್. ಡಬ್ಬದ ಮೇಲೆ 80 ವ್ಯಾಟ್ ಅಂತ ಬರೆದಿರುವ ರಿಸೀವರ್‌ನಿಂದ ಅದು ಆಗುವ ಕೆಲಸವಲ್ಲ, ಅದರಲ್ಲೂ ಆ 80 ಸಾಮಾನ್ಯವಾಗಿ ಎರಡೇ ಚಾನೆಲ್, ಅಂದರೆ ಎರಡೇ ಸ್ಪೀಕರ್‌ನ ಲೆಕ್ಕಕ್ಕೆ, ಓಡಿಸಿ ಅಳೆದ ಲೆಕ್ಕ. ಆಗ ಸದ್ದಿನ ತುದಿ ಕತ್ತರಿಸಿಹೋಗುತ್ತದೆ, ಕ್ಲಿಪ್ಪಿಂಗ್ ಅನ್ನುತ್ತಾರೆ. ಕಿವಿಗೆ ಒರಟಾಗಿ, ಚುಚ್ಚಿದಂತೆ ಕೇಳಿಸುತ್ತದೆ, ಸ್ಪೀಕರ್ ಒಳಗೆ ಕೀಚಲು ಸದ್ದು ಕೊಡುವ ಟ್ವೀಟರ್ ಸುಟ್ಟುಹೋಗಬಹುದು. 93 ಡಿಬಿ ಸೆನ್ಸಿಟಿವಿಟಿಯ ಸ್ಪೀಕರ್ ಇದ್ದಿದ್ದರೆ ಅದೇ ಜಾಗಕ್ಕೆ 63 ವ್ಯಾಟ್ ಸಾಕಿತ್ತು. ಸ್ಪೀಕರ್‌ಗೆ ದುಡ್ಡು ಹಾಕಿ ಅಂದಿದ್ದು ಇದಕ್ಕೇ.

ಮನೆಯಲ್ಲಿ ಮಕ್ಕಳಿದ್ದರೆ, ಅಥವಾ ಯಾರಾದರೂ ಗುಂಡಿ ರಪ್ಪನೆ ತಿರುಗಿಸುವವರಿದ್ದರೆ, ವಾಲ್ಯೂಮ್ ಮೆನುವಿನಲ್ಲಿ ಲಿಮಿಟ್ ಅಂತ ಇದೆ. ಡೆನಾನ್‌ನಲ್ಲಿ ಮೈನಸ್ 20, ಮೈನಸ್ 10, 0 ಅಂತ ಮೂರು ಆಯ್ಕೆ. ಮೈನಸ್ 10 ಇಟ್ಟರೆ ಬಹಳ ಮನೆಗಳಿಗೆ ಸಾಕು. ಅದರ ಪಕ್ಕದಲ್ಲೇ ಪವರ್ ಆನ್ ಲೆವೆಲ್ ಇದೆ. ಅದನ್ನು ಮೈನಸ್ 40ರಂಥ ಮೆದು ಮಟ್ಟಕ್ಕೆ ಇಟ್ಟರೆ, ರಾತ್ರಿ ಜೋರಾಗಿ ನೋಡಿ ಆಫ್ ಮಾಡಿದ್ದು ಬೆಳಗ್ಗೆ ಸುಪ್ರಭಾತಕ್ಕೆ ಅದೇ ಜೋರಿನಲ್ಲಿ ಶುರುವಾಗುವುದಿಲ್ಲ.

ಕಿವಿಯ ಬಗ್ಗೆಯೂ ಒಂದು ಮಾತು, ಯಾಕಂದರೆ ಹೋದ ಕಿವಿ ವಾಪಸ್ ಬರುವುದಿಲ್ಲ. ನಿಯಾಶ್ ಕೆಲಸಗಾರರಿಗೆ ಇಟ್ಟಿರುವ ಮಿತಿ ದಿನಕ್ಕೆ 8 ಗಂಟೆ 85 ಡಿಬಿ, ಮೇಲೆ 3 ಡಿಬಿ ಏರಿದಾಗಲೆಲ್ಲ ಸಮಯ ಅರ್ಧ. 88ಕ್ಕೆ 4 ಗಂಟೆ, 100ಕ್ಕೆ ಕಾಲು ಗಂಟೆ. ಸಿನಿಮಾದಲ್ಲಿ ಜೋರು ದೃಶ್ಯ ಬಂದು ಹೋಗುತ್ತದೆ, ಹಾಗಾಗಿ ಮೈನಸ್ 15ರಲ್ಲಿ ಎರಡೂವರೆ ಗಂಟೆ ಕೂತರೆ ಭಯವಿಲ್ಲ. ಹಾಡು ಹಾಗಲ್ಲ, ಒಂದೇ ಮಟ್ಟದಲ್ಲಿ ಹೊಡೆಯುತ್ತಲೇ ಇರುತ್ತದೆ. ಪಾರ್ಟಿಗೆ ಅಂತ ಸಂಜೆಯಿಂದ ರಾತ್ರಿ ತನಕ ಮೈನಸ್ 10ರಲ್ಲಿ ಹಾಡು ಹಾಕುವುದು ಕಿವಿಗೆ ಸಿನಿಮಾಗಿಂತ ಎಷ್ಟೋ ಹೆಚ್ಚು ಪೆಟ್ಟು.

ಕಡಿಮೆ ಇಟ್ಟಾಗ ಸದ್ದು ಸಪ್ಪೆ ಆದರೆ

ಮೈನಸ್ 35ಕ್ಕೆ ಇಳಿಸಿದಾಗ ಬೇಸ್ ಮಾಯವಾಗುತ್ತದೆ, ಹಿಂದಿನ ಸ್ಪೀಕರ್ ಇದೆಯೋ ಇಲ್ಲವೋ ಅನ್ನಿಸುತ್ತದೆ. ಸಬ್‌ವೂಫರ್ ಕೆಟ್ಟಿದ್ದಲ್ಲ, ನಮ್ಮ ಕಿವಿ ಇರುವುದೇ ಹಾಗೆ. ಸದ್ದು ಕಡಿಮೆಯಾದಷ್ಟೂ ಆಳದ ಸ್ವರ ಕಿವಿಗೆ ಬೇರೆಯದಕ್ಕಿಂತ ಬೇಗ ಕಾಣೆಯಾಗುತ್ತದೆ ಅಂತ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಇದಕ್ಕೇ ಆಡಿಸಿಯಲ್ಲಿ ಡೈನಾಮಿಕ್ ಇಕ್ಯೂ, ಯಮಹಾದಲ್ಲಿ ವೈಪಾವೊ ವಾಲ್ಯೂಮ್ ಇರುವುದು. ನೀವು 0ಗಿಂತ ಎಷ್ಟು ಕೆಳಗಿದ್ದೀರಿ ಅಂತ ನೋಡಿ ಅದಕ್ಕೆ ತಕ್ಕಷ್ಟು ಬೇಸ್ ಸೇರಿಸುತ್ತವೆ. ಕ್ಯಾಲಿಬ್ರೇಶನ್ ಮಾಡದೆ ಇದನ್ನು ಆನ್ ಮಾಡಿದರೆ ಲೆಕ್ಕ ತಪ್ಪಿ ಬರೀ ದಬದಬ ಅನ್ನುತ್ತದೆ.

ಸರಿಯಾಗಿ ಮಾಡಿದ ಮೇಲೂ ಹಾಡು ಕೇಳುವಾಗ ಬೇಸ್ ಜಾಸ್ತಿ ಅನ್ನಿಸಬಹುದು, ಹಾಡಿನ ಮಟ್ಟ ಸಿನಿಮಾಗಿಂತ ಮೇಲಿದೆ ಅಂತ ಆಗಲೇ ನೋಡಿದೆವಲ್ಲ. ಆಗ ಆಡಿಸಿಯ ಡೈನಾಮಿಕ್ ಇಕ್ಯೂ ಜೊತೆಗಿರುವ ರೆಫರೆನ್ಸ್ ಲೆವೆಲ್ ಆಫ್‌ಸೆಟ್ ಅನ್ನುವುದನ್ನು 0 ಬಿಟ್ಟು ಬದಲಾಯಿಸಿ. ಸಿನಿಮಾಗೆ 0, ಟಿವಿ ಕಾರ್ಯಕ್ರಮಕ್ಕೆ 10, ಜೋರಾಗಿ ಮಿಕ್ಸ್ ಆದ ಸಿನಿಮಾ ಹಾಡುಗಳಿಗೆ 15. ಕಛೇರಿ ಸಂಗೀತದಂಥ ಮೆದುವಾಗಿ ಧ್ವನಿಮುದ್ರಿಸಿದ್ದಕ್ಕೆ 5 ಅಥವಾ 10 ಇಟ್ಟು ಮೃದಂಗದ ಎಡಗಡೆ ನಾದ ಹೇಗೆ ಬರುತ್ತದೆ ಕೇಳಿ ನೋಡಿ, ಅದರಲ್ಲೇ ಸರಿ ತಪ್ಪು ಬೇಗ ಗೊತ್ತಾಗುತ್ತದೆ.

ಮಾತು ಕೇಳಿಸುತ್ತಿಲ್ಲ, ಫೈಟ್ ಬಂದರೆ ಕಿವಿ ಮುಚ್ಚಬೇಕು ಅನ್ನುವವರು ಮಾಸ್ಟರ್ ವಾಲ್ಯೂಮ್ ಜೊತೆ ಒದ್ದಾಡಬೇಡಿ. ಸೆಂಟರ್ ಸ್ಪೀಕರ್ ಲೆವೆಲ್ ಅನ್ನು 2 ಅಥವಾ 3 ಡಿಬಿ ಏರಿಸಿ, ಮಾತು ಬರುವುದು ಹೆಚ್ಚಾಗಿ ಅಲ್ಲಿಂದಲೇ. ಅದೂ ಸಾಲದಿದ್ದರೆ ಡೈನಾಮಿಕ್ ಕಂಪ್ರೆಶನ್ ಅಥವಾ ನೈಟ್ ಮೋಡ್ ಆನ್ ಮಾಡಿ, ಜೋರಾದದ್ದು ತಗ್ಗುತ್ತದೆ, ಮೆಲುದನಿ ಮೇಲೆ ಬರುತ್ತದೆ.

ಅಪಾರ್ಟ್‌ಮೆಂಟ್‌ನಲ್ಲಿರುವವರಿಗೆ ಇದು ಇನ್ನೂ ಮುಖ್ಯ. ನಮ್ಮ ದೇಶದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರ ತನಕ 45 ಡಿಬಿ ಮಿತಿ. ಮನೆಯ ಸೌಂಡ್ ಸಿಸ್ಟಮ್‌ನಿಂದ ನಿಮ್ಮ ಜಾಗದ ಗಡಿಯಲ್ಲಿ ಆ ಮಿತಿಗಿಂತ 5 ಡಿಬಿ ಮೀರಬಾರದು. ಈ ಅಂಕಿಗಳು ಎ ವೇಟಿಂಗ್‌ನಲ್ಲಿವೆ, ಅದು ಬೇಸ್ ಅನ್ನು ಬಹಳ ಕಡಿಮೆ ಲೆಕ್ಕ ಹಾಕುತ್ತದೆ. ಹಾಗಾಗಿ ಬಾಗಿಲ ಹೊರಗೆ ಮೀಟರ್ 45 ತೋರಿಸುತ್ತಿದ್ದರೂ ಕೆಳಗಿನ ಮನೆಯ ಅಜ್ಜಿಗೆ ಸ್ಲ್ಯಾಬ್ ಮೂಲಕ ಗುಮ್ ಗುಮ್ ಅಂತ ನಿದ್ದೆ ಕೆಡುತ್ತಿರಬಹುದು. ಗೋಡೆ, ಸ್ಲ್ಯಾಬ್ ದಾಟಿ ಹೋಗುವುದು ಹೆಚ್ಚಾಗಿ ಬೇಸ್ ಮಾತ್ರ. ಅದಕ್ಕೇ ರಾತ್ರಿ ಮಾಸ್ಟರ್ ವಾಲ್ಯೂಮ್ ಇಳಿಸುವ ಮೊದಲು ಡೈನಾಮಿಕ್ ಇಕ್ಯೂ ಆಫ್ ಮಾಡಿ, ಸಬ್‌ವೂಫರ್ ಲೆವೆಲ್ 6 ಡಿಬಿ ಇಳಿಸಿ, ದೊಡ್ಡ ಮಾಡೆಲ್ ಆಗಿದ್ದರೆ ಗೋಡೆ ದಾಟುವ ಬೇಸ್ ತಗ್ಗಿಸುವ ಆಡಿಸಿ ಎಲ್‌ಎಫ್‌ಸಿ ಇದೆಯಾ ನೋಡಿ ಆನ್ ಮಾಡಿ. ಇಷ್ಟು ಮಾಡಿ ಕೆಳಗಿನ ಮನೆಯವರನ್ನೇ ಒಮ್ಮೆ ಕೇಳಿ. ಅವರಿಗೆ ಸರಿ ಅಂದರೆ ಮಾತು ಸ್ಪಷ್ಟವಾಗಿ ಕೇಳಿಸುವ ಮೈನಸ್ 28, ಮೈನಸ್ 25ರಲ್ಲೇ ರಾತ್ರಿ ಸಿನಿಮಾ ನೋಡಬಹುದು.